ಹಿಂದಿನ ಸಾಲಿನಲ್ಲಿ ಲಿಲ್ಲಿ ಕಾಣ್ತಾಳಾ

ಟಿಣ್. ಒಂದು ಕ್ಷಣ ತಡೆದು, ಮತ್ತೆ ಟಿಣ್ ಟಿಣ್. ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದ ಶಬ್ದ. ನಾನು ಮಂಗಳಾಗೆ ಫೋನ್ ಮಾಡಿದರೆ ಅವಳ ಫೋನಿನಲ್ಲಿ ಬರುತ್ತಿದ್ದ ರಿಂಗ್‌ಟೋನ್ ಅದು. ಚಿಕ್ಕಮಗಳೂರಿನ ನಮ್ಮ ಕಾನ್ವೆಂಟ್ ಬೋರ್ಡಿಂಗಿನ ಊಟದ ಹಾಲಿನಲ್ಲಿ ಮದರ್ ಹೀಗೇ ಲೋಟ ಬಡಿಯುತ್ತಿದ್ದರು. ಒಂದು ಸಲ ಬಡಿದರೆ ಮಾತು ನಿಲ್ಲಬೇಕು, ಎರಡು ಸಲ ಬಡಿದರೆ ಊಟದ ಮುಂಚಿನ ಪ್ರಾರ್ಥನೆ, ಗ್ರೇಸ್, ಹೇಳಲು ಎದ್ದು ನಿಲ್ಲಬೇಕು. ಮಂಗಳಾ ತನ್ನ ಅಡುಗೆಮನೆಯಲ್ಲಿ ಕೂತು, ಲೋಟ ಬದಲಾಯಿಸಿ ಬದಲಾಯಿಸಿ, ಮದರ್ ಲೋಟದ ಅದೇ ಸ್ವರ ಸಿಕ್ಕುವ ತನಕ ರೆಕಾರ್ಡ್ ಮಾಡಿದ್ದಳು. ಕೊನೆಯಲ್ಲಿ ಅವಳ ಕುಕ್ಕರ್ ಉಸ್ಸೆಂದದ್ದೂ ಅದರಲ್ಲಿ ಸೇರಿಕೊಂಡಿತ್ತು.

"ನಿನ್ ಫೋನ್ ಬಂದ್ರೆ ಈಗ್ಲೂ ಬೆನ್ನು ನೆಟ್ಟಗಾಗುತ್ತೆ ಮಾರಾಯ್ತಿ" ಎನ್ನುತ್ತಿದ್ದಳು.

ಒಬ್ಬೊಬ್ಬರಿಗೂ ಒಂದೊಂದು ಶಬ್ದ ಕೊಟ್ಟಿದ್ದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಣ್ಣ ಫೋನ್ ಮಾಡಿದರೆ ಜೀಪು ಸ್ಟಾರ್ಟ್ ಆಗದೆ ಗೊರಗೊರ ಅನ್ನುವ ಸದ್ದು. ತರೀಕೆರೆಯ ತಂಗಿ ಮಾಡಿದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿನ ಗಲಾಟೆ, ಯಾಕೆಂದರೆ ಅವಳೂ ಒಮ್ಮೆ ಶುರು ಮಾಡಿದರೆ ನಿಲ್ಲಿಸುವವಳಲ್ಲ. ತೋಟ ಕೊಡ್ತೀರಾ ಅಂತ ಆಗಾಗ ಕೇಳುತ್ತಿದ್ದ ಬ್ರೋಕರನಿಗೆ ಅವಳ ನಾಯಿ ಟೈಗರ್ ಬೊಗಳುವುದು. ಫೋನ್ ಎಂದರೆ ಕೈಗೆ ಸಿಕ್ಕ ಹಾಗೇ ಬಳಸುವ ಸಾಮಾನಲ್ಲ, ಮನೆಗೆ ತಂದ ಮೇಲೆ ಅದನ್ನು ನಮ್ಮದು ಮಾಡಿಕೊಳ್ಳಬೇಕು ಅನ್ನುವುದು ಅವಳ ಪಾಲಿಸಿ.

ಆದರೆ ಯಾವ ಫೋನೂ ಅವಳ ಹತ್ತಿರ ಬಹಳ ದಿನ ಉಳಿಯುತ್ತಿರಲಿಲ್ಲ. ಒಂದನ್ನು ತಂದು, ಬಣ್ಣ ಸರಿಮಾಡಿ, ಅಕ್ಷರ ದೊಡ್ಡದು ಮಾಡಿ, ಎಲ್ಲರ ಶಬ್ದಗಳನ್ನೂ ಸೇರಿಸಿ ಮುಗಿಸುವಷ್ಟರಲ್ಲಿ ಅದು ಡಲ್ಲಾಗುತ್ತಿತ್ತು. ಡಲ್ಲು ಅನ್ನುವುದು ಅವಳದೇ ಮಾತು. "ತಂದಾಗ ಎಷ್ಟು ಬ್ರೈಟ್ ಇತ್ತು, ಈಗ ನೋಡು, ಹೊಗೆ ಹಿಡಿದ ಲಾಂದ್ರದ ಥರ." ಮತ್ತೆ ಮೂಡಿಗೆರೆಗೆ ಬರುವಳು, ಮತ್ತೊಂದನ್ನು ಕೊಳ್ಳುವಳು. ಊರಿನ ಜನ ಇದನ್ನು ಶೋಕಿ ಎಂದರು. ಗಂಡ ಇಲ್ಲ, ಮಕ್ಕಳಿಲ್ಲ, ಒಂದಷ್ಟು ತೋಟ ಇದೆ, ಇನ್ನೇನು ಮಾಡ್ತಾರೆ ಎಂದರು. ನಾನೂ ನಕ್ಕಿದ್ದುಂಟು. ಯಾರಿಗೂ ಗೊತ್ತಿರದಿದ್ದ ಸಂಗತಿ ಒಂದೇ: ಅವಳ ಕಣ್ಣು ಹೋಗುತ್ತಿತ್ತು, ಅವಳು ಫೋನ್ ಬದಲಾಯಿಸುತ್ತಿದ್ದಳು.

ಸರ್ವಮಂಗಳಾ ಅವಳ ಪೂರ್ತಿ ಹೆಸರು. ಬಾಳೂರಿನ ಕಡೆಯ ತೋಟದವರ ಮಗಳು, ಬೋರ್ಡಿಂಗಿಗೆ ಬರುವಾಗ ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ಅದನ್ನು ತೆಗೆ ಅನ್ನುತ್ತಾರೇನೋ ಎಂದು ನಾವೆಲ್ಲ ನೋಡುತ್ತಿದ್ದರೆ, ಮದರ್ ಅದನ್ನು ಬಗ್ಗಿ ನೋಡಿ "ವೆರಿ ನೀಟ್" ಅಂದಿದ್ದರು. ನಾನು ಲೀಲಾವತಿ, ಮೂಡಿಗೆರೆ ಪೇಟೆಯ ಜವಳಿ ಅಂಗಡಿಯವರ ಮಗಳು. ಮದರ್ ನಾಲಿಗೆಯಲ್ಲಿ ಲಿಲ್ಲಿ ಆದೆ, ಮಂಗಳಾ ಬಾಯಲ್ಲಿ ಕೊನೆ ತನಕ ಲಿಲ್ಲಿಯಾಗೇ ಉಳಿದೆ. ಈಗ ನನ್ನನ್ನು ಹಾಗೆ ಕರೆಯುವವರು ಇಲ್ಲ.

ಆಗ ಕಣ್ಣಿನ ತೊಂದರೆ ಇದ್ದದ್ದು ನನಗೆ. ಬೋರ್ಡಿನ ಮೇಲೆ ಬರೆದದ್ದು ಒಂದಕ್ಷರವೂ ಕಾಣುತ್ತಿರಲಿಲ್ಲ. ಮಂಗಳಾ ಕೊನೆ ಬೆಂಚಿನಲ್ಲಿ ನನ್ನ ಪಕ್ಕ ಕೂತು, ತುಟಿ ಅಲ್ಲಾಡಿಸದೆ ಎಲ್ಲವನ್ನೂ ಓದಿ ಹೇಳುತ್ತಿದ್ದಳು. ಮನೆಯಲ್ಲಿ ಗೊತ್ತಾಗಿ ಕನ್ನಡಕ ಹಾಕಿಸುವ ತನಕ ನಾನು ಪಾಸಾದದ್ದೆಲ್ಲ ಅವಳ ಕಣ್ಣಿನಿಂದ. ಚರ್ಚಿನ ಗೋಪುರದ ಮೇಲೆ ಕೂತ ಹಕ್ಕಿ ಯಾವುದೆಂದು ಅಂಗಳದಿಂದಲೇ ಹೇಳುತ್ತಿದ್ದಳು. ಹಾಗಾಗಿ ಎಪ್ಪತ್ತು ದಾಟಿದ ಮೇಲೂ ಅವಳು ತಲೆಯಲ್ಲಿ ಹೀಗೆ ಪಾಲು ಮಾಡಿಕೊಂಡಿದ್ದಳು: "ಕಣ್ಣಿನ ಡಿಪಾರ್ಟ್‌ಮೆಂಟ್ ನಿಂದು ಲಿಲ್ಲಿ, ಮಂಡಿನೋವಿನ ಡಿಪಾರ್ಟ್‌ಮೆಂಟ್ ನಂದು." ಓದುವುದಕ್ಕೆ ಸಂತೆಯಲ್ಲಿ ಸಿಗುವ ರೆಡಿಮೇಡ್ ಕನ್ನಡಕ ಸಾಕಾಗಿತ್ತು ಅವಳಿಗೆ. ಅದೂ ಮೂಗಿನ ತುದಿಯಲ್ಲಿ, ಯಾರದೋ ಸಾಮಾನನ್ನು ಎರವಲು ತಂದವಳ ಹಾಗೆ.

ಫೋನ್ ಕೊಳ್ಳುವಾಗ ಅವಳದು ಒಂದು ಪರೀಕ್ಷೆ ಇತ್ತು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಇರ್ಫಾನನ ಮೊಬೈಲ್ ಅಂಗಡಿ. ಅವನ ತಂದೆ ಜೀಪು ರಿಪೇರಿ ಮಾಡುತ್ತಿದ್ದವರು, ಮಂಗಳಾಳ ಜೀಪಿನ ಹೊಟ್ಟೆಯನ್ನೆಲ್ಲ ಬಲ್ಲವರು. ಹಾಗಾಗಿ ಇರ್ಫಾನನೂ ಅವಳಿಗೆ ಮನೆಯವನ ಹಾಗೇ. ಅವನು ಹೊಸ ಫೋನ್ ತೆಗೆದು, ಇಷ್ಟು ಮೆಮೊರಿ, ಅಷ್ಟು ಕ್ಯಾಮೆರಾ ಅಂತ ಶುರು ಮಾಡಿದರೆ ಮಂಗಳಾ ಕೈ ಎತ್ತುವಳು.

"ಅದೆಲ್ಲ ನಿನ್ ಹತ್ರಾನೇ ಇಟ್ಕೋ ಮಾರಾಯ. ಮೊದ್ಲು ನಮ್ ಫೋಟೋ ಹಾಕು."

ಅದು ನಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ, ಕಪ್ಪು ಬಿಳುಪಿನದು. ನಡುವೆ ಸನ್ಯಾಸಿನಿಯರ ಬಿಳಿ ನಿಲುವಂಗಿ ತೊಟ್ಟ ಮದರ್ ಕೂತಿದ್ದಾರೆ, ಅವರ ಕಾಲ ಬಳಿ ಮಂಗಳಾ. ಹಿಂದಿನ ಸಾಲಿನ ಎಡತುದಿಯಲ್ಲಿ, ಕಂಬದ ನೆರಳಿನಲ್ಲಿ, ಅರ್ಧ ಮುಖದ ನಾನು. ಅಂಗಡಿಯಲ್ಲಿದ್ದ ಫೋನ್‌ಗಳಿಗೆಲ್ಲ ಇರ್ಫಾನ್ ಆ ಫೋಟೋ ಕಳಿಸಬೇಕು. ಗಾಜಿನ ಮೇಜಿನ ಮೇಲೆ ಅವುಗಳನ್ನು ಸಾಲಾಗಿ ಇಡಬೇಕು. ಮಂಗಳಾ ಒಂದೊಂದರ ಮೇಲೂ ಬಗ್ಗಿ, "ಹಿಂದಿನ ಸಾಲಿನಲ್ಲಿ ಲಿಲ್ಲಿ ಕಾಣ್ತಾಳಾ ನೋಡೋಣ" ಎನ್ನುವಳು. ನಾನು ಕಂಡರೆ ಆ ಫೋನ್ ಪಾಸ್. ಕಾಣದಿದ್ದರೆ ಎಷ್ಟು ದೊಡ್ಡ ಕಂಪನಿಯದಾದರೂ ಫೇಲ್.

"ಅಮ್ಮ, ಕ್ಯಾಮೆರಾ ನೋಡಿ ತಗೊಳೋರ್ನ ನೋಡಿದೀನಿ, ಗೇಮ್ ನೋಡಿ ತಗೊಳೋರ್ನ ನೋಡಿದೀನಿ. ಫ್ರೆಂಡ್ ನೋಡಿ ತಗೊಳೋರು ನೀವೊಬ್ರೇ" ಎಂದು ಇರ್ಫಾನ್ ನಗುವನು.

"ಫ್ರೆಂಡ್ ಕಾಣದಿದ್ರೆ ಫೋನ್ ಯಾಕೋ? ಟಾರ್ಚ್ ಸಾಕಿತ್ತು."

ಹೊಸದರಲ್ಲಿ ನಾನು ಕಾಣುತ್ತಿದ್ದೆ. ಪ್ರತಿ ಸಲ ಹಿಂದಿನದಕ್ಕಿಂತ ದೊಡ್ಡ ಪರದೆ, ಹೆಚ್ಚು ಬೆಳಕು. ಕೆಲವು ತಿಂಗಳ ಮೇಲೆ ನಾನು ಕಂಬದ ನೆರಳಿಗೆ ಸರಿದು ಹೋಗುತ್ತಿದ್ದೆ. ಆಗ ಅವಳು ಮತ್ತೆ ಮೂಡಿಗೆರೆಗೆ ಬರುತ್ತಿದ್ದಳು.

ಬರುತ್ತಿದ್ದದ್ದೂ ತಾನೇ ಜೀಪು ಓಡಿಸಿಕೊಂಡು. ಬಾಳೂರಿನಿಂದ ಇಳಿಯುವ ದಾರಿಯಲ್ಲಿ ಒಂದು ತಿರುವಿದೆ, ಅಲ್ಲಿ ಮಾತ್ರ ಟವರ್ ಸರಿಯಾಗಿ ಸಿಗುತ್ತದೆ. ತೋಟದವರು, ಪಿಕಪ್ಪಿನವರು, ಹಾಲಿನವರು ಎಲ್ಲ ಅಲ್ಲಿ ಗಾಡಿ ನಿಲ್ಲಿಸಿ, ಗುಡ್ಡದ ಕಡೆ ಮುಖ ಮಾಡಿ ಫೋನ್ ಹಿಡಿದು ನಿಂತಿರುತ್ತಾರೆ. ನಿನ್ನದರಲ್ಲಿ ಎಷ್ಟು ಕಡ್ಡಿ, ನನ್ನದರಲ್ಲಿ ಎಷ್ಟು ಕಡ್ಡಿ ಅಂತ ಹೋಲಿಸಿಕೊಳ್ಳುತ್ತಾರೆ. ಅಲ್ಲಿಂದ ಬೆಳಿಗ್ಗೆ ಮಂಗಳಾ ನನಗೆ ಒಂದು ಫೋಟೋ ಕಳಿಸುವಳು. ಎಲ್ಲರ ಹಾಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಅಲ್ಲ. ತೋಟದಲ್ಲಿ ಅವತ್ತು ಕಂಡದ್ದು: ಕಾಫಿ ಹೂವಿನ ಮೇಲೆ ಕೂತ ಜೇನು, ಮೆಣಸಿನ ಬಳ್ಳಿಯ ಬಸವನಹುಳು, ಒದ್ದೆ ಬಲೆಯಲ್ಲಿ ಜೇಡ. ಎಷ್ಟು ಹತ್ತಿರದಿಂದ ತೆಗೆದವು ಅಂದರೆ ಹೂವಿನ ವಾಸನೆ ಬರಬೇಕು. ಆಮೇಲಾಮೇಲೆ ಬಂದವುಗಳಲ್ಲಿ ಅರ್ಧ ಹೂವು, ಉಳಿದದ್ದು ಅವಳ ಬೆರಳು. ಇಲ್ಲವೆ ಬರೀ ಎಲೆ, ಹುಳು ಎಲ್ಲೂ ಇಲ್ಲ. "ಈ ಫೋನಿನ ಕ್ಯಾಮೆರಾ ಸುಖ ಇಲ್ಲ" ಅಂತ ಕೆಳಗೆ ಬರೆಯುವಳು. ಜೀಪಿನ ಎಡ ಮಡ್‌ಗಾರ್ಡ್ ಗೇಟಿನ ಕಂಬಕ್ಕೆ ತಾಗಿ ತಾಗಿ ಸೊಟ್ಟಗಾಯಿತು. ಅದಕ್ಕೂ ಒಂದು ಕಾರಣ ಇತ್ತು: ಕಂಬ ಕಟ್ಟಿದವನು ಕುಡಿದಿದ್ದನಂತೆ.

ಅವಳ ಫೋನ್ ತೆರೆದರೆ ಆ್ಯಪ್‌ಗಳ ಪುಟ್ಟ ಚಿತ್ರಗಳೆಲ್ಲ ನಟ್ಟನಡುವೆ ಒತ್ತಾಗಿ ಕೂತಿರುತ್ತಿದ್ದವು. ಫೋನ್, ವಾಟ್ಸಾಪ್, ಕ್ಯಾಮೆರಾ, ಟಾರ್ಚ್, ಚಳಿಗೆ ಮುದುರಿಕೊಂಡ ಕೋಳಿಮರಿಗಳ ಹಾಗೆ. ಸುತ್ತಲೂ ಖಾಲಿ. "ಮೂಲೆಲಿ ಇಟ್ರೆ ಕಳೆದುಹೋಗ್ತವೆ" ಅನ್ನುತ್ತಿದ್ದಳು. ಅದು ಅವಳ ಸ್ಟೈಲ್ ಎಂದುಕೊಂಡೆವು.

ಕೊನೆಯ ಫೋನ್ ನಾವಿಬ್ಬರೂ ಒಟ್ಟಿಗೆ ಕೊಂಡೆವು. ನನ್ನದು ಹಳತಾಗಿ ಆಫ್ ಆಗತೊಡಗಿತ್ತು. "ಒಂದೇ ಥರದ್ದು ತಗೊಳೋಣ, ಯೂನಿಫಾರ್ಮ್ ಥರ" ಎಂದಳು ಮಂಗಳಾ. ಒಂದೇ ಕಂಪನಿ, ಒಂದೇ ಮಾಡಲ್, ಒಂದೇ ನೀಲಿ ಬಣ್ಣ. ಫೋಟೋ ಪರೀಕ್ಷೆಯೂ ಆಯಿತು, ಲಿಲ್ಲಿ ಹೇಗೋ ಪಾಸಾದಳು. ಎರಡು ವಾರಕ್ಕೆ ಮಂಗಳಾ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಳು.

"ನಂದು ಡಲ್ಲು, ನಿಂದು ಬ್ರೈಟು. ಚೇಂಜ್ ಮಾಡ್ಕೊಳಣ."

ನನಗೆ ಅದರಲ್ಲಿ ನಷ್ಟವೇನಿಲ್ಲ. ಇರ್ಫಾನನಲ್ಲಿಗೆ ಹೋದೆವು. ಅವನು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದ. "ಅಮ್ಮ, ಎರಡೂ ಅವಳಿ ಮಕ್ಕಳು. ಏನ್ ಚೇಂಜ್ ಮಾಡ್ಲಿ?"

"ಅವಳೀಲೂ ಒಂದು ಬೆಳ್ಳಗೆ ಒಂದು ಕಪ್ಪಗೆ ಇರ್ತಾವಪ್ಪ. ಮಾಡು ನೀನು."

ಅವನು ಸಿಮ್ ಬದಲಿಸಿ, ನನ್ನದೆಲ್ಲ ಅವಳದಕ್ಕೆ, ಅವಳದೆಲ್ಲ ನನ್ನದಕ್ಕೆ ಸಾಗಿಸಿದ. ಒಂದೆರಡು ಸಾಮಾನು ಹಿಂದೆ ಉಳಿದವು. ಮನೆಗೆ ಬಂದ ಮೇಲೆ ಯಾರೋ ಫೋನ್ ಮಾಡಿದರು, ನನ್ನ ಕೈಯಲ್ಲಿ ಟೈಗರ್ ಬೊಗಳಿತು. ಮಂಗಳಾಗೆ ಹೇಳಿದರೆ ಕೆಮ್ಮು ಬರುವಷ್ಟು ನಕ್ಕಳು.

ತಿಂಗಳು ಕಳೆಯುವುದರೊಳಗೆ ಮತ್ತೆ ಬಂದಳು. ಈ ಸಲ ನಗು ಇರಲಿಲ್ಲ. "ನನ್ ಕೈಗೆ ಬಂದ್ರೆ ಡಲ್ಲಾಗುತ್ತೆ ಲಿಲ್ಲಿ. ನಿನ್ನ ಹತ್ರ ಇದ್ದಾಗ ಚೆನ್ನಾಗಿತ್ತು, ನಮ್ಮನೆಗೆ ಬಂದು ಹೀಗಾಯ್ತು." ಮನೆಯ ಕರೆಂಟು ಸರಿ ಇಲ್ಲವೇನೋ, ಚಾರ್ಜು ಪೂರ್ತಿ ಏರುವುದಿಲ್ಲವೇನೋ ಎಂದು ನಾನೂ ಅಂದೆ. ಅವತ್ತು ಇರ್ಫಾನನ ಅಂಗಡಿ ಮುಚ್ಚಿತ್ತು, ಶುಕ್ರವಾರದ ನಮಾಜಿಗೆ ಹೋಗಿದ್ದ. ಕಾಯುತ್ತಾ ನಮ್ಮ ಮನೆಯಲ್ಲಿ ಕಾಫಿ ಕುಡಿದೆವು. ಲೋಟ ತೆಗೆದಿಟ್ಟು, ಖಾಲಿ ಟ್ರೇ ಮೇಲೆ ಎರಡೂ ಫೋನ್ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಗ್ರೂಪ್ ಫೋಟೋ ತೆರೆದೆ.

"ಈಗ ಹೇಳು, ಯಾವ್ದು ಡಲ್ಲು?"

"ಎಡಗಡೆದು. ನೋಡು ನೀನೇ. ಬಲಗಡೇದ್ರಲ್ಲಿ ಮದರ್ ಎಷ್ಟು ಚೆನ್ನಾಗಿದಾರೆ. ಎಡಗಡೇದ್ರಲ್ಲಿ ಕತ್ತಲೆ."

ನನಗೆ ಎರಡೂ ಒಂದೇ ಥರ ಕಂಡವು. ತಮಾಷೆಗೆ ಟ್ರೇಯನ್ನು ತಿರುಗಿಸಿ ಇಟ್ಟೆ. ಫೋಟೋಗಳು ತಲೆಕೆಳಗಾದವು, ಅಷ್ಟೇ. ಎಡಗಡೆ ಇದ್ದದ್ದು ಬಲಕ್ಕೆ ಹೋಯಿತು.

"ಈಗ?"

"ಎಡಗಡೆದು" ಎಂದಳು. ನಾನು ಟ್ರೇ ತಿರುಗಿಸಿದ್ದನ್ನು ನೋಡಿದ್ದಳು. ಇನ್ನೊಂದು ಸಲ ತಾನೇ ತಿರುಗಿಸಿದಳು. ಆಮೇಲೆ ಕನ್ನಡಕ ತೆಗೆದು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡಳು. ಕೈ ಬದಲಾಯಿಸಿ ಎಡಗಣ್ಣು ಮುಚ್ಚಿದಳು. ಕೆಳಗೆ ರಸ್ತೆಯಲ್ಲಿ ಕಳಸದ ಬಸ್ಸು ಹಾರ್ನ್ ಹೊಡೆಯುತ್ತಾ ಹೋಯಿತು.

"ಲಿಲ್ಲಿ, ಫೋನ್ ಸರಿ ಇದೆ" ಎಂದಳು.

ಅವಳನ್ನು ಮಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಾ ಬಂದಿದೆ. ಎಡಗಣ್ಣಿನಲ್ಲಿ ಹೆಚ್ಚೇನೂ ಉಳಿದಿಲ್ಲ, ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿ ಉಳಿದಿದೆ. ಅಂಚಿನಿಂದ ನಿಧಾನಕ್ಕೆ ಹೋಗುವ ಕಾಯಿಲೆ, ನೋವಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದಕ್ಕೆ ಡ್ರಾಪ್ಸ್ ಹಾಕಿ ನೋಡೋಣ.

"ಮೊದ್ಲೇ ಬಂದಿದ್ರೆ?" ಎಂದು ಮಂಗಳಾ ಕೇಳಿದಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಈಗಿಂದ ಬಿಡದೆ ಹಾಕಿ ಅಮ್ಮ" ಎಂದರು.

ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಅವಳು ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲೇ ಕೂತಿದ್ದಳು. ತಿರುವು ಬಂದಾಗಲೆಲ್ಲ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕೊಟ್ಟಿಗೆಹಾರದಲ್ಲಿ ಟೀ ಕುಡಿಯಲು ನಿಂತಾಗ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದಳು: "ಅಷ್ಟೊಂದು ಫೋನ್ ಚೇಂಜ್ ಮಾಡಿದ್ನಲ್ಲ ಲಿಲ್ಲಿ. ಒಂದೇ ಒಂದು ಸಲ ಕನ್ನಡಕ ಚೇಂಜ್ ಮಾಡೋಕೆ ಅಂತ ಹೋಗಿದ್ರೂ ಸಾಕಿತ್ತು. ಅಲ್ಲೇ ಯಾರಾದ್ರೂ ನೋಡಿ ಹೇಳ್ತಿದ್ರು."

ನಾನು ಟೀ ದುಡ್ಡು ಕೊಟ್ಟು, ಅವಳ ಕೈ ಹಿಡಿದು ಟ್ಯಾಕ್ಸಿ ಹತ್ತಿಸಿದೆ.

ಡ್ರಾಪ್ಸ್ ಬಿಡದೆ ಹಾಕಿದಳು. ಬೋರ್ಡಿಂಗಿನ ಹುಡುಗಿ, ಟೈಮ್ ಅಂದರೆ ಟೈಮ್. ಆದರೂ ಕಿಂಡಿ ಚಿಕ್ಕದಾಗುತ್ತಲೇ ಬಂತು. ಜೀಪಿನ ಕೀ ಸೋಮಣ್ಣನ ಕೈಗೆ ಹೋಯಿತು. ಅವನು ಬಹಳ ನಿಧಾನ ಓಡಿಸುವವನು. ಎಡಗಡೆ ಕೂತು ಅವಳು, "ಸೋಮಣ್ಣ, ನಡೆದೇ ಹೋಗಬಹುದಿತ್ತಲ್ಲ, ಈ ಜೀಪ್ ಯಾಕೆ ತಂದ್ವಿ?" ಎಂದು ಕೇಳುತ್ತಿದ್ದಳು. ಬೆಳಗಿನ ಫೋಟೋ ನಿಂತಿತು. ಬದಲಿಗೆ ಆ ತಿರುವಿನಿಂದ ಫೋನ್ ಮಾಡಿ ಸೋಮಣ್ಣನನ್ನು ಕೇಳಿಕೊಂಡು ಹೇಳುವಳು, ಈವತ್ತು ಹೂವು ಬಂದಿದೆಯಂತೆ, ಈವತ್ತು ದೇವರಮನೆ ಗುಡ್ಡ ಕಾಣ್ತಿದೆಯಂತೆ. ಅವಳ ಮಾತಿನಲ್ಲಿ ಆ 'ಅಂತೆ' ಸೇರಿಕೊಂಡದ್ದು ನನಗೆ ಸಹಿಸಲಾಗುತ್ತಿರಲಿಲ್ಲ.

ಇರ್ಫಾನ್ ಒಂದು ಭಾನುವಾರ ತೋಟಕ್ಕೇ ಬಂದು ಫೋನಿಗೆ ಮಾತು ಕಲಿಸಿದ. ಪರದೆ ಮುಟ್ಟಿದರೆ ಅಲ್ಲಿರುವುದನ್ನು ಒಂದು ಹೆಣ್ಣುದನಿ ಓದಿ ಹೇಳುತ್ತದೆ. ಮಂಗಳಾ ಬೆರಳಿಟ್ಟಳು. "ಲಿಲಿ ಮುಡಿಗೇರ್" ಎಂದಿತು ಅದು. ಇನ್ನೊಂದು ಕಡೆ ಇಟ್ಟಳು. ಸೋಮಣ್ಣನನ್ನು ಏನೋ ವಿದೇಶದ ತಿಂಡಿಯ ಹಾಗೆ ಉಚ್ಚರಿಸಿತು.

"ಇವ್ಳು ಯಾವ ಕಾನ್ವೆಂಟು?" ಎಂದಳು ಮಂಗಳಾ. "ಮದರ್ ಇದ್ದಿದ್ರೆ ಇವಳಿಗೆ ಇಂಪೊಸಿಷನ್ ಬರೆಸ್ತಿದ್ರು."

ಇರ್ಫಾನ್ ದನಿ ಬದಲಿಸಿದ, ವೇಗ ಕಡಿಮೆ ಮಾಡಿದ, ಕನ್ನಡ ಹಾಕಿಕೊಟ್ಟ. ಕನ್ನಡದ ದನಿ ಪರವಾಗಿಲ್ಲ ಅನ್ನಿಸಿತು. ಸ್ವಲ್ಪ ದಿನ ಅಭ್ಯಾಸ ಮಾಡಿದಳು. ಗ್ರೂಪ್ ಫೋಟೋ ತೆರೆದು, ಅದರ ಮೇಲೆ ಬೆರಳಿಟ್ಟು ಕಾದಳಂತೆ. ಆ ದನಿ 'ಚಿತ್ರ' ಎಂದಷ್ಟೇ ಹೇಳಿತಂತೆ. ಎಲ್ಲಿ ಮುಟ್ಟಿದರೂ ಚಿತ್ರ. ಅವತ್ತೇ ಆಫ್ ಮಾಡಿಸಿದಳು. "ನಾನು ಇದನ್ನ ತಗೊಂಡಿದ್ದು ನೋಡೋಕೆ ಇರ್ಫಾನ್. ಮಾತಾಡೋಕೆ ನಂಗೆ ಜನ ಇದಾರೆ" ಎಂದಳಂತೆ. ಆ ಹೊತ್ತಿಗೆ ಜನ ಅಂದರೆ ನಾನು, ಸೋಮಣ್ಣ, ಟೈಗರ್.

ತರೀಕೆರೆಯಿಂದ ತಂಗಿ ಬಂದು, ಇನ್ನು ಒಬ್ಬಳನ್ನೇ ಬಿಡಲಾಗುವುದಿಲ್ಲ ಎಂದಳು. ಮಂಗಳಾ ವಾದ ಮಾಡಲಿಲ್ಲ. ಬ್ರೋಕರನಿಗೆ ತಾನೇ ಫೋನ್ ಹಚ್ಚಿಸಿದಳಂತೆ. ತರೀಕೆರೆಗೆ ಹೊರಡುವ ದಿನ ದಾರಿಯಲ್ಲಿ ನಮ್ಮ ಮನೆಯ ಮುಂದೆ ಕಾರು ನಿಂತಿತು. ಮೆಟ್ಟಿಲು ಹತ್ತುವುದು ಬೇಡವೆಂದು ನಾನೇ ಇಳಿದು ಹೋಗಿ ಅವಳ ಪಕ್ಕ ಕೂತೆ. ತಂಗಿ ಬಿಸ್ಕತ್ತು, ನೀರು ತರಲು ಅಂಗಡಿಗೆ ಹೋದಳು. ಮಂಗಳಾ ನನ್ನ ಕನ್ನಡಕವನ್ನು ಬೆರಳಲ್ಲಿ ಮುಟ್ಟಿ ನೋಡಿ, ಫ್ರೇಮ್ ಬದಲಾಗಿದೆ ಎಂದಳು. ಆಮೇಲೆ ಮಡಿಲಿನಿಂದ ಆ ನೀಲಿ ಫೋನ್ ತೆಗೆದುಕೊಟ್ಟಳು.

"ಒಂದು ಸೆಟ್ಟಿಂಗ್ ಮಾಡ್ಕೊಡು."

ಅಕ್ಷರ ಇನ್ನೂ ದೊಡ್ಡದು ಬೇಕೇನೋ ಎಂದುಕೊಂಡೆ.

"ಬ್ರೈಟ್‌ನೆಸ್ ಪೂರ್ತಿ ಇಳಿಸಿಬಿಡು. ಸುಮ್ನೆ ಬ್ಯಾಟರಿ ದಂಡ."

ಅವಳ ಯಾವ ಫೋನಿನಲ್ಲೂ ಆ ಬೆಳಕಿನ ಗೆರೆ ತುದಿಯಿಂದ ಒಂದು ಕೂದಲೆಳೆ ಹಿಂದೆ ಸರಿದದ್ದನ್ನು ನಾನು ಕಂಡಿರಲಿಲ್ಲ. ತೆರೆಯ ಮೇಲೆ ನಮ್ಮ ಗ್ರೂಪ್ ಫೋಟೋನೇ ಇತ್ತು. ಬೆರಳಿಟ್ಟು ಎಳೆದೆ. ಮೊದಲು ಕಂಬದ ನೆರಳಿನಲ್ಲಿದ್ದ ನಾನು ಹೋದೆ. ಆಮೇಲೆ ಹಿಂದಿನ ಸಾಲು ಪೂರ್ತಿ ಹೋಯಿತು. ಆಮೇಲೆ ನಡುವಿನ ಸಾಲು, ಆಮೇಲೆ ಕಾಲ ಬಳಿ ಕೂತ ಮಂಗಳಾ.

"ಆಯ್ತಾ?"

"ಆಯ್ತು."

"ಏನಾದ್ರೂ ಕಾಣುತ್ತಾ ಅದ್ರಲ್ಲಿ?"

"ಮದರ್ ಬಟ್ಟೆ ಮಾತ್ರ. ಬೆಳ್ಳಗೆ."

"ಅವ್ರು ಹಾಗೇ" ಎಂದು ಮಂಗಳಾ ನಕ್ಕಳು. "ಡಾರ್ಮಿಟರಿಲಿ ಲೈಟ್ ಆಫ್ ಆದ್ಮೇಲೂ ನಿಂತಿರ್ತಿದ್ರಲ್ಲ."

ತಂಗಿ ಬಂದಳು. ಫೋನನ್ನು ಮಂಗಳಾಳ ಮಡಿಲಿಗಿಟ್ಟು ನಾನು ಇಳಿದೆ. ಕಾರು ಸ್ಟಾರ್ಟ್ ಆದರೂ ಎದುರಿಗೆ ಲಾರಿಯೊಂದು ಅಡ್ಡ ನಿಂತಿದ್ದರಿಂದ ಅಲ್ಲೇ ತಡೆಯಿತು. ಏನು ಮಾಡಬೇಕೋ ತಿಳಿಯದೆ ನನ್ನ ಫೋನ್ ತೆಗೆದು ಅವಳಿಗೆ ಮಾಡಿದೆ. ಕಿಟಕಿಯೊಳಗಿಂದ ಕೇಳಿತು, ಟಿಣ್. ತಡೆದು, ಟಿಣ್ ಟಿಣ್. ಹಿಂದೆಯೇ ಕುಕ್ಕರಿನ ಉಸ್ಸು. ಮಂಗಳಾಳ ಬೆನ್ನು ನೆಟ್ಟಗಾಯಿತು. ಕಿಟಕಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಾನಿದ್ದೆ. ಅವಳು ಮಡಿಲಲ್ಲಿದ್ದ ಫೋನಿನ ಕತ್ತಲ ಪರದೆಯ ಕಡೆ ಮುಖ ಬಗ್ಗಿಸಿ, "ಹೇಳು ಲಿಲ್ಲಿ" ಎಂದಳು.